ಎರಡನೆಯ ಕೂಗು

ಹೀರಾ ಅಕ್ಕೋರನ್ನು ಹೆಸರು ಹಿಡಿದು ಕರೆಯುವವರು ಈಗ ಅವರ್ಸಾದಲ್ಲಿ ಯಾರೂ ಉಳಿದಿರಲಿಲ್ಲ. ಮೀನು ಮಾರುವ ಹೆಂಗಸರಿಂದ ಹಿಡಿದು ಪಂಚಾಯತಿಯ ಸದಸ್ಯರವರೆಗೆ ಎಲ್ಲರಿಗೂ ಅವರು ಅಕ್ಕೋರು. ಜತೆಗಿರುವ ತಂಗಿಯ ಮಗಳು ಪ್ರಗತಿಗೆ ಮಾವಶಿ. ಅಪ್ಪ, ಅವ್ವ, ಕಾರವಾರದ ಕಾಲೇಜಿನಲ್ಲಿ ಜತೆಗೆ ಪಾಠ ಮಾಡಿದವರು, ಹೀಗೆ ‘ಹೀರಾ’ ಎನ್ನುತ್ತಿದ್ದ ಬಾಯಿಗಳೆಲ್ಲ ಒಂದೊಂದಾಗಿ ಮುಚ್ಚಿಹೋಗಿದ್ದವು. ಹಾಗಾಗಿ ಮಳೆಗಾಲ ಮುಗಿದು ಗದ್ದೆಯ ಮೇಲೆ ಇಬ್ಬನಿ ಕೂರತೊಡಗಿದ ಆ ಮೂರ್ಸಂಜೆ, ಹಿತ್ತಿಲಾಚೆಯಿಂದ ಯಾರೋ ‘ಹೀರಾ’ ಎಂದು ಕರೆದಾಗ ಅವರಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ.

ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ‘ಓ’ ಎನ್ನಲು ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಚಿಕ್ಕಂದಿನಲ್ಲಿ ಕಲಿತದ್ದು ನಾಲಿಗೆಯನ್ನು ಹಿಡಿದುಕೊಂಡಿತು. ಮೂರ್ಸಂಜೆಯಲ್ಲಿ ಒಂದೇ ಕೂಗಿಗೆ ಓಗೊಡಬಾರದು. ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ. ಮತ್ತೊಮ್ಮೆ ಕರೆಯಲು ಬಾರದ್ದು ಮನುಷ್ಯರಲ್ಲ. ಆ ಕಡೆಯ ಮಕ್ಕಳೆಲ್ಲ ಅಕ್ಷರ ಕಲಿಯುವ ಮೊದಲು ಕಲಿಯುವ ಪಾಠ ಇದು. ಅಕ್ಕೋರು ಒದ್ದೆ ಸೀರೆಯ ಅಂಚು ಹಿಡಿದುಕೊಂಡು ಕಾದರು. ಹಿತ್ತಿಲಾಚೆ ಗಜನಿ. ಸಮುದ್ರದ ಉಬ್ಬರ ಒಳಗೆ ಬಂದು ಹೋಗುವ ಉಪ್ಪುನೀರಿನ ಗದ್ದೆ. ಅದರ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯ ತುದಿಯಲ್ಲಿ ಕೇದಗೆಯ ಹಿಂಡು ಕಪ್ಪಾಗಿ ನಿಂತಿತ್ತು. ಎರಡನೆಯ ಕೂಗು ಬರಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಕೂಗು ಬಂತು. ಅದರ ಮರುದಿನವೂ. ಗಂಡಸಿನ ದನಿಯೋ ಹೆಂಗಸಿನ ದನಿಯೋ ತಿಳಿಯುತ್ತಿರಲಿಲ್ಲ. ಅವಸರವೂ ಇಲ್ಲ, ದುಃಖವೂ ಇಲ್ಲ. ಊಟಕ್ಕೆ ಎಬ್ಬಿಸುವವರ ಹಾಗೆ ಒಂದೇ ಸಲ, ‘ಹೀರಾ’. ಆಮೇಲೆ ನೀರಿನಲ್ಲಿ ಹೂತ ಕಂಬಗಳಿಗೆ ಉಬ್ಬರ ತಾಗುವ ಸದ್ದು.

ಸಂತೋಷ ಎರಡೇ ದಿನದಲ್ಲಿ ಇಳಿದುಹೋಯಿತು. ಅಕ್ಕೋರಿಗೆ ಅವರ ಅವ್ವನ ನೆನಪಾಯಿತು.

ಅವ್ವನಿಗೂ ಕೊನೆಯ ವರ್ಷಗಳಲ್ಲಿ ಯಾರೋ ಕರೆಯುತ್ತಿದ್ದರು. ಒಲೆಯ ಮುಂದೆ ಕುಳಿತವರು ತಟ್ಟನೆ ಎದ್ದು ‘ಓ, ಬಂದೆ’ ಎಂದು ಹೊರಡುತ್ತಿದ್ದರು. ಮಗಳ ಹೆಸರು ಮರೆತಿತ್ತು, ಉಂಡದ್ದು ಮರೆತಿತ್ತು, ಆದರೆ ಆ ಕರೆಗೆ ಓಗೊಡುವುದು ಮರೆತಿರಲಿಲ್ಲ. ಒಂದು ಆಷಾಢದ ಸಂಜೆ ಮನೆಯವರ ಕಣ್ಣು ತಪ್ಪಿಸಿ ಹೋದವರು ಬೆಳಗ್ಗೆ ಗಜನಿಯ ನೀರು ತಡೆಯುವ ಹಲಗೆಬಾಗಿಲಿನ ಹತ್ತಿರ ಹೆಣವಾಗಿ ಸಿಕ್ಕಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದನ್ನು ನೋಡಿಯೇ ಹೀರಾ ಅಕ್ಕೋರು ಹೆದರಿದ್ದು.

ಇನ್ನು ಆ ಮನೆಯ ಭಾನುವಾರಗಳ ವಿಷಯ. ಅಕ್ಕೋರು ಧಾರವಾಡದಲ್ಲಿ ಓದಿ ಬಂದು ಕಾರವಾರದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸಿದವರು. ಬೇರೆ ಯಾವ ವಿಷಯದಲ್ಲೂ ಜಾಗ ಸಿಗದ ಮಕ್ಕಳು ಕೊನೆಗೆ ಇವರ ಕೋಣೆಗೆ ಬರುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅವರೂ ಕಡಿಮೆಯಾಗಿ, ಒಂದು ವರ್ಷ ಯಾರೂ ಬರಲಿಲ್ಲ. ವಿಷಯವನ್ನೇ ಮುಚ್ಚಿದರು. ನಿವೃತ್ತಿಯ ದಿನ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಇಂಗ್ಲಿಷಿನ ದಪ್ಪ ಪುಸ್ತಕಗಳನ್ನೂ ನೀವೇ ಒಯ್ಯಿರಿ, ಇಲ್ಲಿ ಗೆದ್ದಲು ತಿನ್ನುತ್ತವೆ ಎಂದರು. ಟೆಂಪೋದಲ್ಲಿ ಪುಸ್ತಕಗಳು ಬಂದವು. ಇಳಿಸಿದವನು ಸೋಮ, ಊರಿನಲ್ಲಿ ತೆಂಗಿನಕಾಯಿ ಕೊಯ್ಯುವವನು. ಇಳಿಸುತ್ತ, “ಇಷ್ಟೆಲ್ಲಾ ಓದ್ಕಂಡಿ ಏನ್ ಬರ್ದವ್ರೆ ಅಕ್ಕೋರೆ ಇದ್ರಲ್ಲಿ?” ಎಂದು ಕೇಳಿದ. ಅಕ್ಕೋರು ಜಗಲಿಯ ಮೇಲೆ ಕೂತು ಹೇಳತೊಡಗಿದರು. ಚಹಾ ಆರಿತು. ಮುಂದಿನ ಭಾನುವಾರ ಸೋಮ ಮತ್ತೆ ಬಂದ. ಅವನ ಹಿಂದೆ ಹೊನ್ನು ಬಂದಳು. ನಾಟಿ, ಕೊಯ್ಲು ಎಂದು ಕೂಲಿಗೆ ಹೋಗುವ ಹೊನ್ನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಮೇಲೆ ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರ್ ಕಿಶೋರ. ಅಂಕೋಲಾದಲ್ಲಿ ನರ್ಸ್ ಆಗಿರುವ ಪ್ರಗತಿ ರಜೆಯಿದ್ದಾಗ ಬಾಗಿಲಿಗೆ ಒರಗಿ ಕೂರುತ್ತಿದ್ದಳು.

ಹೊಸಬರಿಗೆ ಹೇಳಿಕೊಡಲು ಅಕ್ಕೋರು ಒಂದು ದಾರಿ ಕಂಡುಕೊಂಡಿದ್ದರು. ಬರೆದವರ ಹೆಸರು ಹೇಳುತ್ತಿರಲಿಲ್ಲ. ಆ ಉದ್ದುದ್ದ ಹೆಸರು ಕೇಳಿದ ಕೂಡಲೆ ಜನ ಇದು ನಮ್ಮದಲ್ಲ ಎಂದು ಎದ್ದುಹೋಗುವುದನ್ನು ಕಾಲೇಜಿನಲ್ಲಿ ಕಂಡಿದ್ದರು. ಪುಸ್ತಕ ಮಡಚಿ ಮೊಣಕಾಲ ಮೇಲಿಟ್ಟುಕೊಂಡು, ಯಾರಿಗೆ ಏನಾಯಿತು ಎಂದಷ್ಟೇ ಹೇಳುತ್ತಿದ್ದರು. ‘ಗವಿಯಲ್ಲಿ ಹುಟ್ಟಿದಾಗಿನಿಂದ ಕಟ್ಟಿಹಾಕಿದ ಜನ. ಎದುರು ಗೋಡೆ, ಹಿಂದೆ ಬೆಂಕಿ. ಗೋಡೆಯ ಮೇಲಿನ ನೆರಳನ್ನೇ ನಿಜ ಎಂದುಕೊಂಡಿದ್ದಾರೆ.’

“ಅವ್ರಿಗೆ ಊಟ ಯಾರ್ ಕೊಡ್ತಿದ್ರು?” ಎಂದಿದ್ದಳು ಹೊನ್ನು.

“ಅದನ್ನ ಬರೆದಿಲ್ಲ ಹೊನ್ನು.”

“ಬರಿಯೂದಿಲ್ಲ ಬಿಡಿ. ಗಂಡಸ್ರು ಬರ್ದದ್ದು. ಅನ್ನ ಎಲ್ಲಿಂದ ಬತ್ತದೆ ಅವ್ರಿಗೆಂತ ಗೊತ್ತು?”

ಕಿಶೋರನಿಗೆ ಮೆಚ್ಚುಗೆಯಾದವನು ಒಲೆಯ ಹತ್ತಿರ ಒಬ್ಬನೇ ಕೂತು ಎಲ್ಲದರ ಮೇಲೂ ಸಂಶಯಪಟ್ಟ ಫ್ರೆಂಚ್ ಮನುಷ್ಯ. ಕಣ್ಣು ಮೋಸ ಮಾಡುತ್ತದೆ, ಕನಸೂ ನಿಜದ ಹಾಗೇ ಕಾಣುತ್ತದೆ, ಹಾಗಿದ್ದ ಮೇಲೆ ಯಾವುದನ್ನು ನಂಬುವುದು ಎಂದು ಒಂದೊಂದನ್ನೇ ಬದಿಗಿಡುತ್ತ ಹೋದವನು. “ನಾನೂ ಅದೇ ಕೆಲ್ಸ ಮಾಡೂದು ಅಕ್ಕೋರೆ. ಪಾಸ್ ಇದೆ ಅಂತಾರೆ, ನಂಬೂದಿಲ್ಲ. ತೋರ್ಸಿ ಅಂತೆ ನಾ. ಅವ್ನಿಗೆ ಹೆಸ್ರು ಬಂತು, ನಂಗೆ ಬೈಗುಳ.”

ನಗು ಇತ್ತು ಆ ಜಗಲಿಯಲ್ಲಿ. ಸೋಮ ಬಿಟ್ಟುಹೋದ ಮೇಲೆ ಮಾತ್ರ ಅದರ ಒಂದು ಮೂಲೆ ಖಾಲಿಯಾಯಿತು.

ಅವನು ಹೋದದ್ದು ವಿಷ ಕುಡಿದ ಗ್ರೀಕ್ ಅಜ್ಜನ ದೆಸೆಯಿಂದ. ಊರಿನವರು ಆ ಅಜ್ಜನಿಗೆ ಮರಣದಂಡನೆ ಕೊಟ್ಟರು. ಗೆಳೆಯರು ಓಡಿಹೋಗುವ ವ್ಯವಸ್ಥೆ ಮಾಡಿದರು. ಇಷ್ಟು ಕಾಲ ಈ ಊರಿನ ಕಾನೂನಿನ ನೆರಳಲ್ಲಿ ಬದುಕಿ ಈಗ ನನಗೆ ಕಷ್ಟವೆಂದು ಅದನ್ನು ಮುರಿಯಲೇ ಎಂದು ಅಜ್ಜ ಉಳಿದ. ಅಕ್ಕೋರು ಇದನ್ನು ಹೇಳಿ ಮುಗಿಸಿದಾಗ ಸೋಮನ ಮುಖ ಬೇರೆಯಾಗಿತ್ತು. ಅವನ ಹುಟ್ಟೂರು ಅಮದಳ್ಳಿಯ ಆಚೆ, ಈಗ ನೌಕಾನೆಲೆಯ ಗೋಡೆಯ ಒಳಗೆ. ಅವನ ಅಪ್ಪ, ಸರ್ಕಾರದವರು ಹೋಗಿ ಎಂದಾಗ ಹೊರಟು, ಅವರ್ಸಾದ ಗಜನಿಯಾಚೆ ಮನೆ ಕಟ್ಟಿಕೊಂಡು, ಒಂದು ದಿನವೂ ಅಲ್ಲಿ ಸರಿಯಾಗಿ ನಿದ್ದೆ ಮಾಡದೆ ಸತ್ತವನು. ಇವತ್ತಿಗೂ ಬಸ್ಸು ಅಮದಳ್ಳಿ ದಾಟುವಾಗ ಸೋಮ ಕಿಟಕಿಯಿಂದ ಮುಖ ತಿರುಗಿಸಿ ಕೂರುತ್ತಾನೆ ಎಂದು ಕಿಶೋರ ಹೇಳುತ್ತಿದ್ದ.

“ಕಾನೂನು ಹೇಳ್ತು ಹೇಳಿ ನಾವೂ ಎದ್ದು ಬಂದ್ವು ಅಕ್ಕೋರೆ. ನಮ್ಮಪ್ಪಂಗೆ ಯಾರ್ ಪುಸ್ತಕ ಬರ್ದ್ರು?”

“ಇದು ನಿಮ್ಮೂರಿನ ವಿಷಯ ಅಲ್ಲ ಸೋಮ. ಇದು ವಿಚಾರ.”

“ಹಂಗಾರೆ ಯಾರ ಊರಿನ ವಿಷ್ಯ?” ಎಂದವನೇ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಅಕ್ಕೋರು ಕರೆಯಲಿಲ್ಲ. ಅವನು ತಿರುಗಿ ನೋಡಲಿಲ್ಲ. ಅವನು ಕೂರುತ್ತಿದ್ದ ಮಣೆಯ ಮೇಲೆ ಮಾತ್ರ ಯಾರೂ ಕೂರುತ್ತಿರಲಿಲ್ಲ.

ಅದೇ ಅಜ್ಜನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಅಕ್ಕೋರು ಹೇಳಿದ್ದರು. ಅವನಿಗೆ ಚಿಕ್ಕಂದಿನಿಂದ ಒಳಗೊಂದು ದನಿ ಕೇಳುತ್ತಿತ್ತು. ಇದು ಮಾಡು ಎಂದು ಅದು ಎಂದೂ ಹೇಳಲಿಲ್ಲ. ಬೇಡ ಎಂದು ತಡೆಯುತ್ತಿತ್ತು, ಅಷ್ಟೇ. ಆಗ ಹೊನ್ನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ತಡಿಯೂದಾದ್ರೆ ಒಳ್ಳೇದು. ಕರಿಯೂದಾದ್ರೆ ಕಷ್ಟ” ಎಂದಿದ್ದಳು.

ಈಗ ಅಕ್ಕೋರಿಗೆ ಕೇಳುತ್ತಿರುವುದು ಕರೆಯುವ ದನಿ.

ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರಗತಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಅದಕ್ಕೆ ಹೆದರಿಕೆಯಿಲ್ಲ. ಹೆದರಿಕೆ ಜಗಲಿಯದು. ಸರಿಯಾಗಿ ಯೋಚಿಸುವುದು ಹೇಗೆ ಎಂದು ನಾಲ್ಕು ಜನರಿಗೆ ಹೇಳಿಕೊಡುವವರ ತಲೆಯೇ ಅವ್ವನ ದಾರಿ ಹಿಡಿದಿದ್ದರೆ, ಇನ್ನು ಅಲ್ಲಿ ಕೂರುವುದು ಮೋಸ. ಅಕ್ಕೋರು ತಮಗೆ ತಾವೇ ಒಂದು ಮಾತು ಕೊಟ್ಟುಕೊಂಡರು. ಆ ಕೂಗು ಬೇರೆ ಯಾರಿಗಾದರೂ ಕೇಳಿದರೆ ಪಾಠ ಮುಂದುವರಿಯಲಿ. ನನಗೊಬ್ಬಳಿಗೇ ಕೇಳುವುದಾದರೆ ನಿಲ್ಲಿಸುತ್ತೇನೆ.

ಆ ಭಾನುವಾರ ಬೇಕೆಂದೇ ಮಾತನ್ನು ಎಳೆದರು. ಬಿಸಿಲು ತೆಂಗಿನ ತಲೆಗಳಿಂದ ಇಳಿದು ಅಂಗಳದ ಅಂಚಿಗೆ ಹೋಗಿ ಅಲ್ಲಿಂದಲೂ ಮಾಯವಾಯಿತು. ಯಾರೂ ನೋಡದಿದ್ದಾಗ ಒಂದು ಮರ ಇರುತ್ತದೋ ಇಲ್ಲವೋ ಎಂದು ಕೇಳಿದ ಪಾದ್ರಿಯೊಬ್ಬರ ಪುಸ್ತಕ ಅಂದಿನದು.

“ನೋಡದಿದ್ರೆ ಇಲ್ಲ ಹೇಳಾದ್ರೆ ನನ್ನ ಬಾಕಿ ಕೆಲ್ಸ ಎಲ್ಲಾ ಇಲ್ಲ,” ಎಂದ ಕಿಶೋರ.

“ಸ್ವಲ್ಪ ಹೊತ್ತು ಮಾತಾಡಬೇಡಿ,” ಎಂದರು ಅಕ್ಕೋರು. “ಸುಮ್ಮನೆ ಕೂತು ಏನೇನು ಕೇಳುತ್ತದೆ ನೋಡಿ.”

ಮೂವರೂ ಸುಮ್ಮನಾದರು. ಹೆದ್ದಾರಿಯ ಲಾರಿಯ ಸದ್ದು ದೂರದಲ್ಲಿ ಕರಗಿತು. ಕಪ್ಪೆಯೊಂದು ಶುರುಮಾಡಿ ನಿಲ್ಲಿಸಿತು. ಆಗ ಬಂತು. ‘ಹೀರಾ.’ ಕೇದಗೆಯ ಕಡೆಯಿಂದ, ಇಂದು ಎಂದಿಗಿಂತ ಹತ್ತಿರದಿಂದ. ಅಕ್ಕೋರು ಒಬ್ಬೊಬ್ಬರ ಮುಖ ನೋಡಿದರು. ಪ್ರಗತಿ ಉಗುರು ನೋಡಿಕೊಳ್ಳುತ್ತಿದ್ದಳು. ಕಿಶೋರ ಆಕಳಿಸಿದ. ಹೊನ್ನು ಎಲೆಗೆ ಸುಣ್ಣ ಸವರುತ್ತಿದ್ದಳು, ಆ ಬೆರಳು ನಿಂತಿರಲಿಲ್ಲ.

“ಏನೇನು ಕೇಳಿತು?”

“ಕಪ್ಪೆ,” ಎಂದಳು ಹೊನ್ನು.

“ಲಾರಿ,” ಎಂದ ಕಿಶೋರ.

“ಮಾವಶೀ, ನಿಮ್ಮ ಉಸಿರು,” ಎಂದಳು ಪ್ರಗತಿ. “ಯಾಕೆ ಅಷ್ಟು ಜೋರಾಗಿ ಬಿಡ್ತಾ ಇದ್ರಿ?”

ಅಕ್ಕೋರು ಮೊಣಕಾಲ ಮೇಲಿನ ಪುಸ್ತಕವನ್ನು ಎರಡೂ ಕೈಗಳಿಂದ ಹಿಡಿದುಕೊಂಡು, “ಬರುವ ಭಾನುವಾರ ಕೊನೆಯದು. ಆಮೇಲೆ ನಾನು ಹೇಳುವುದಿಲ್ಲ,” ಎಂದರು. ಏಕೆಂದು ಕೇಳಿದ್ದಕ್ಕೆ ಪುಸ್ತಕ ಎತ್ತಿಕೊಂಡು ಎದ್ದುನಿಂತರು. ಕಿಶೋರ ತಲೆ ಕೆರೆದುಕೊಳ್ಳುತ್ತ ಹೋದ. ಹೊನ್ನು ಮಾತ್ರ ಮೆಟ್ಟಿಲಿಳಿದು ನಿಂತಳು.

“ನೀವು ನಿಲ್ಸಿದ್ರೆ ಆ ಸೋಮ ಎಲ್ಲಿಗ್ ಹೋಗೂದು ಪಾಪ?”

“ಸೋಮನಾ? ಅವನು ಬಿಟ್ಟು ವರ್ಷಗಳಾಯಿತಲ್ಲ.”

“ಒಳಗೆ ಬರೂದು ಬಿಟ್ಟದ್ದು. ಈಗ ದಿನಾ ಮೂರ್ಸಂಜಿಗೆ ಕಟ್ಟೆ ಮೇಲೆ, ಕೇದ್ಗಿ ಹಿಂಡಿನ ಹತ್ರ, ನಿಮ್ಮನೆ ಕಡೆ ಮುಖ ಮಾಡ್ಕಂಡಿ ನಿಲ್ತಾ. ನಾ ಹುಲ್ಲು ತರೂಕೆ ಹೋದಾಗೆಲ್ಲ ನೋಡ್ತೆ. ಎಂತದಾ ಸೋಮ ಅಂದ್ರೆ ಮಾತಾಡೂದಿಲ್ಲ.”

ಅಕ್ಕೋರು ಕಂಬ ಹಿಡಿದುಕೊಂಡರು. ಆಮೇಲೆ ಬಹಳ ದಿನಗಳ ಮೇಲೆ ಜೋರಾಗಿ ನಕ್ಕರು. ಸೋಮ! ಸಿಟ್ಟು ಇಳಿದಿಲ್ಲ, ಬರದೆ ಇರಲೂ ಆಗುತ್ತಿಲ್ಲ. ದೂರದಲ್ಲಿ ನಿಂತು ಒಮ್ಮೆ ಕೂಗಿ, ಓಗೊಟ್ಟರೆ ಬರುವುದು, ಇಲ್ಲದಿದ್ದರೆ ಹೋಗುವುದು. ಅಷ್ಟೇ. ಜಗಲಿಯ ಮೇಲಿದ್ದ ಉಳಿದವರಿಗೆ ಅದು ಏಕೆ ಕೇಳಲಿಲ್ಲ, ಹೆಸರು ಹಿಡಿದು ಕರೆಯುವ ಧೈರ್ಯ ಅವನಿಗೆ ಎಲ್ಲಿಂದ ಬಂತು ಎಂಬ ಎರಡು ಮುಳ್ಳು ಉಳಿದವು. ಅವನ್ನು ಅವರು ಒತ್ತಿ ನೋಡಲಿಲ್ಲ.

ಮರುದಿನ ಬೆಳಕು ಕಂದುವ ಹೊತ್ತಿಗೆ ಹಿತ್ತಿಲ ಬಾಗಿಲು ತೆಗೆದು ಕಟ್ಟೆಯ ಮೇಲೆ ನಡೆದರು. ಅವ್ವ ಹೋದ ದಾರಿ ಅದು. ಅದರ ಮೇಲೆ ಈ ಹೊತ್ತಿನಲ್ಲಿ ಅವರು ಎಂದೂ ಕಾಲಿಟ್ಟವರಲ್ಲ. ಉಬ್ಬರ ಏರುತ್ತಿತ್ತು. ಎರಡೂ ಬದಿಯ ನೀರಿನಲ್ಲಿ ಆಕಾಶ ಬಿದ್ದಿದ್ದರಿಂದ ಕಟ್ಟೆ ಗಾಳಿಯಲ್ಲಿ ತೇಲುವ ಹಗ್ಗದ ಹಾಗೆ ಕಾಣುತ್ತಿತ್ತು. ಕೇದಗೆಯ ಹತ್ತಿರ ಒಬ್ಬ ಮನುಷ್ಯ ನಿಂತಿದ್ದ. ಹೆಗಲ ಮೇಲೆ ಟವೆಲ್ಲು. ಇನ್ನಷ್ಟು ಹತ್ತಿರ ಹೋದಾಗ ಮುಖ ಕಂಡಿತು. ಸೋಮನೇ. ಅವನು ಅವರನ್ನು ನೋಡಿ ಹೆಜ್ಜೆ ಹಿಂದಿಟ್ಟ.

ಅಕ್ಕೋರು ಏನೋ ಹೇಳಬೇಕೆಂದಿದ್ದರು. ಆಗ ಕೂಗು ಬಂತು.

‘ಹೀರಾ.’

ಅದು ಸೋಮನ ಕಡೆಯಿಂದಲೇ ಬಂತು. ಆದರೆ ಸೋಮನ ಬಾಯಿ ಮುಚ್ಚಿತ್ತು. ಅವರು ಅವನ ತುಟಿಯನ್ನೇ ನೋಡುತ್ತಿದ್ದರು, ಅದು ಅಲುಗಲಿಲ್ಲ. ಅದೇ ಕ್ಷಣಕ್ಕೆ ಸೋಮ ಬೆಚ್ಚಿದ. ಅವರನ್ನು ದಾಟಿ, ಅವರ ಹಿಂದೆ, ದೀಪ ಹಚ್ಚದೆ ಬಿಟ್ಟು ಬಂದ ಅವರ ಮನೆಯ ಕಡೆ ನೋಡಿದ.

“ಕೇಳ್ತಾ ಅಕ್ಕೋರೆ?” ಅವನ ದನಿ ಪಿಸುಮಾತಾಗಿತ್ತು.

“ಏನು?”

“ನನ್ನ ಕರ್ದದ್ದು. ನಿಮ್ಮನೆಯಿಂದ. ಸೋಮಾ ಹೇಳಿ.”

ಅಕ್ಕೋರು ಹಿಂದೆ ತಿರುಗಲಿಲ್ಲ. ತಿರುಗಲು ಆಗಲಿಲ್ಲ.

“ಮಳೆ ಬಿಟ್ಟಾಗಿಂದ ದಿನಾ ಕರಿತದೆ,” ಎಂದ ಸೋಮ. “ಮೊದ್ಲು ನೀವೇ ಅಂದ್ಕಂಡೆ. ಅಕ್ಕೋರ ಮನ್ಸು ಕರಗ್ತು, ಬಾ ಅಂತಿದ್ರು ಅಂದ್ಕಂಡೆ. ಇಲ್ಲಿವರೆಗೆ ಬತ್ತೆ. ಆದ್ರೆ ಒಂದೇ ಕೂಗು. ಒಂದೇ ಕೂಗಿಗೆ ಹೆಂಗೆ ಓ ಅನ್ನೂದು? ಇನ್ನೊಂದು ಬರ್ಲಿ, ಬಂದ್ರೆ ಹೋಪ ಹೇಳಿ ನಿಲ್ತೆ. ಬರೂದಿಲ್ಲ. ಕತ್ತಲಾದ್ಮೇಲೆ ಹೋತೆ.”

“ನನ್ನ ದನಿಯಾ ಅದು?”

ಸೋಮ ಅಡ್ಡಡ್ಡ ತಲೆಯಾಡಿಸಿದ. “ನಿಮ್ದಲ್ಲ. ಯಾರ್ದು ಹೇಳೂಕೆ ಬರೂದಿಲ್ಲ. ನಮ್ಮೂರಲ್ಲಿ ಸಣ್ಣಿರುವಾಗ ದೋಣಿ ದಡಕ್ಕೆ ಬಂದ್ರೆ ಹಿಂಗೇ ಕರಿತಿದ್ರು. ಆ ಊರೇ ಇಲ್ಲ ಈಗ.”

ಅಕ್ಕೋರು ತಮ್ಮ ಕಥೆ ಹೇಳಿದರು. ತಾವು ಅಲ್ಲಿ ಹಗ್ಗದ ಹತ್ತಿರ, ಅವನು ಇಲ್ಲಿ ಕೇದಗೆಯ ಹತ್ತಿರ, ನಡುವೆ ನೀರು. ಒಬ್ಬರ ಕಡೆಯಿಂದ ಇನ್ನೊಬ್ಬರಿಗೆ ಕೂಗು. ಇಬ್ಬರೂ ದಿನಾ ಎದುರುಬದುರು ನಿಂತು, ಎರಡನೆಯದಕ್ಕೆ ಕಾದು, ಬಾಯಿ ತೆರೆಯದೆ ಒಳಗೆ ಹೋಗಿದ್ದರು. ಅವ್ವನ ಮಾತನ್ನೂ ಹೇಳಿದರು, ಪಾಠ ನಿಲ್ಲಿಸುವ ಮಾತನ್ನೂ. “ನಿನಗೂ ಕೇಳಿತು ಎಂದರೆ ಸಮಾಧಾನವಾಗಬೇಕು ನನಗೆ. ಆದರೆ ನನಗೆ ಕೇಳಿದ್ದು ನಿನಗೆ ಕೇಳಲಿಲ್ಲ, ನಿನಗೆ ಕೇಳಿದ್ದು ನನಗೆ ಕೇಳಲಿಲ್ಲ. ಇಬ್ಬರದೂ ತಲೆ ಕೆಟ್ಟಿರಬಹುದಲ್ಲ ಸೋಮ.”

ಸೋಮ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನಿಮ್ಮವ್ವ ಎರಡ್ನೇ ಕೂಗಿಗೆ ಕಾದ್ರಾ ಅಕ್ಕೋರೆ?”

“ಇಲ್ಲ. ಕೇಳಿದ ಕೂಡಲೆ ಎದ್ದು ಹೋಗುತ್ತಿದ್ದಳು.”

“ನೀವು ಕಾದ್ರಲ. ದಿನಾ ಕಾದ್ರಿ. ಆ ಒಲೆ ಹತ್ರ ಕೂತವ ಮಾಡ್ದದ್ದೂ ಅದೇ ಹೇಳಿ ನೀವೇ ಹೇಳಿದ್ರಿ. ನಾನೂ ಇದ್ದೆ ಅವತ್ತು. ತಲೆ ಕೆಟ್ಟೋರು ಕಾಯೂದಿಲ್ಲ.”

ನೀರು ಕಟ್ಟೆಯ ಅಂಚನ್ನು ನೆಕ್ಕುತ್ತಿತ್ತು. ಅಕ್ಕೋರು ಮನೆಯ ಕಡೆ ತಿರುಗಿದರು. “ನಡಿ, ಚಹಾ ಕುಡಿದು ಹೋಗು” ಎಂದರು.

“ನೀವು ಒಂದೇ ಸಲ ಕರ್ದ್ರಿ,” ಎಂದ ಸೋಮ. ನಗುತ್ತಿದ್ದಾನೋ ಇಲ್ಲವೋ ಆ ಬೆಳಕಿನಲ್ಲಿ ಕಾಣಲಿಲ್ಲ.

“ಬಾ ಮಾರಾಯಾ. ಬಾ ಬಾ.”

ಅವರು ಮುಂದೆ, ಅವನು ಹಿಂದೆ ನಡೆದರು. ಮನೆ ಹತ್ತಿರವಾದಂತೆ ಸೋಮನ ಹೆಜ್ಜೆ ನಿಧಾನವಾಗುವುದು ಅಕ್ಕೋರಿಗೆ ತಿಳಿಯುತ್ತಿತ್ತು. ಅವನನ್ನು ಕರೆದದ್ದು ಆ ಮನೆ. ಅಕ್ಕೋರು ಬಾಗಿಲು ದೂಡಿದರು. ಒಳಗೆ ಯಾರೂ ಇರಲಿಲ್ಲ. ಜಗಲಿಯ ಮೇಲೆ ಅವನ ಮಣೆ ಮಾತ್ರ ಗೋಡೆಯಿಂದ ಈಚೆಗೆ, ಯಾರೋ ಈಗತಾನೆ ಕೂತು ಎದ್ದಂತೆ, ಓರೆಯಾಗಿ ಬಿದ್ದಿತ್ತು. ಪ್ರಗತಿ ಕಸ ಗುಡಿಸುವಾಗ ಸರಿಸಿರಬಹುದು. ಆದರೆ ಅವಳ ಡ್ಯೂಟಿ ಬೆಳಗಿನಿಂದಲೇ ಇತ್ತು.

ಭಾನುವಾರ ನಾಲ್ವರೂ ಜಗಲಿಯಲ್ಲಿ ಸೇರಿದರು. ಸೋಮ ತನ್ನ ಮಣೆಯನ್ನು ಒಮ್ಮೆ ಕೈಯಿಂದ ಒರೆಸಿ ಕೂತ. ಕಿಶೋರ ಅವನ ಬೆನ್ನು ತಟ್ಟಿ, “ಬಂದ್ನಪ್ಪಾ, ಟಿಕೆಟ್ ಇಲ್ದೇ ಹತ್ದವ” ಎಂದ. ಅಕ್ಕೋರು ಯಾವುದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ಪ್ರಗತಿ ಎದ್ದುಬಂದು ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. “ಡಾಕ್ಟರ ಹತ್ರ ಒಂದ್ಸಲ ಹೋಗುವ ಮಾವಶೀ. ಹೋದರೆ ಏನೂ ನಷ್ಟ ಇಲ್ಲ.”

“ಹೋಗೋಣ. ನಾಳೆಯೇ ಹೋಗೋಣ. ಏನು ಹೇಳುತ್ತಾರೋ ಅದನ್ನೂ ಇಲ್ಲಿ ಕೂತೇ ವಿಚಾರ ಮಾಡೋಣ.”

“ಹಂಗಾರೆ ಇವತ್ತು ಕೊನೇದಲ್ಲ?” ಎಂದಳು ಹೊನ್ನು.

“ಅಲ್ಲ.”

ಸೋಮ ಕೆಮ್ಮಿದ. “ಆ ವಿಷ ಕುಡ್ದ ಅಜ್ಜಂದು ಇನ್ನೊಂದ್ಸಲ ಹೇಳಿ ಅಕ್ಕೋರೆ. ನಂಗೆ ಅವತ್ತು ಕೇಳೂದು ಪೂರ್ತಿ ಆಗ್ಲಿಲ್ಲ.”

ಅಕ್ಕೋರು ಹಳೆಯ ಪುಸ್ತಕ ತಂದರು. ಈ ಸಲ ಊರಿನಿಂದ ಶುರುಮಾಡಿದರು. ಅಜ್ಜನ ಊರಿನ ಬಂದರು, ಅದರ ಪೇಟೆ, ಅವನು ಅದನ್ನು ಬಿಟ್ಟು ಹೆಚ್ಚು ಹೊರಗೆ ಹೋದವನೇ ಅಲ್ಲ ಎಂಬುದು. “ಊರು ಬಿಡು ಎಂದರೆ ಬಿಡುವುದೂ ಕಾನೂನಿಗೆ ತಲೆಬಾಗುವುದೇ. ಬಿಡದೆ ಸಾಯುವುದೂ ಅದೇ. ನಿನ್ನ ಅಪ್ಪನನ್ನು ಈ ಅಜ್ಜನ ಎದುರು ಕೂರಿಸಿದರೆ ಏನು ಮಾತಾಡಿಕೊಳ್ಳುತ್ತಿದ್ದರು, ಹೇಳು,” ಎಂದರು. ಸೋಮ ಹೇಳತೊಡಗಿದ. ಒಬ್ಬ ತೆಂಗಿನ ಕೊಯ್ಲಿನವನು ತನ್ನ ಸತ್ತ ಅಪ್ಪನ ಬಾಯಲ್ಲಿ, ಎಂದೋ ಸತ್ತ ಪರದೇಶದ ಮುದುಕನ ಜತೆ ಜಗಳ ಆಡಿದ. ಮುದುಕನ ಪರವಾಗಿ ಅಕ್ಕೋರು ಮಾತಾಡಿದರು. ಹೊನ್ನು ಎರಡೂ ಕಡೆಯವರನ್ನು ಬೈದಳು, ಮನೆಯ ಹೆಂಗಸರನ್ನು ಯಾರೂ ಕೇಳಲಿಲ್ಲ ಎಂದು.

ಮಾತಿನ ಭರದಲ್ಲಿ ಬೆಳಕು ಹೋದದ್ದು ಯಾರಿಗೂ ತಿಳಿಯಲಿಲ್ಲ. ಗಜನಿಯ ಕಡೆಯಿಂದ ತಣ್ಣನೆಯ ಉಪ್ಪುಗಾಳಿ ಜಗಲಿಯನ್ನು ಹಾಯ್ದು ಹೋಯಿತು. ಅಕ್ಕೋರು ಮಾತಿನ ನಡುವೆ ನಿಂತರು. ಸೋಮನೂ ತಲೆ ಎತ್ತಿದ. ಇಬ್ಬರೂ ಕಾದರು. ಅವರಿಬ್ಬರಿಗೆ ಅಂದು ಏನೂ ಕೇಳಲಿಲ್ಲ. ಅಕ್ಕೋರು ನಿಧಾನಕ್ಕೆ ಉಸಿರು ಬಿಟ್ಟು, ಬಿಟ್ಟ ಪುಟಕ್ಕಾಗಿ ಬೆರಳಾಡಿಸಿದರು.

ಆಗ ಕಿಶೋರ ಮೆಟ್ಟಿಲ ಕಡೆ ತಿರುಗಿದ. “ಓಹ್, ಯಾರೋ ಬಂದ್ರು ನೋಡಿ,” ಎಂದು ಎದ್ದು ಚಪ್ಪಲಿಗೆ ಕಾಲು ಚಾಚಿದ. “ನನ್ನ ಕರೀತಿದ್ದಾರೆ.”

ಹೊನ್ನು ಎಲೆಯ ಚೀಲ ಕೆಳಗಿಟ್ಟು, ಅವನ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದು ಎಳೆದಳು.

“ಕೂತ್ಕ. ಇನ್ನೊಂದು ಬರ್ಲಿ.”